ಕುರುಗೋಡಿನ ಗುಡ್ಡದ ಪುನುಗು

ಅದು 1978ನೇ ಇಸವಿ. ಜೋಳದ ಸುಗ್ಗಿ ಮುಗಿದು ಬಿಸಿಲು ಇನ್ನೂ ಬಲಿಯದಿದ್ದ ದಿನಗಳು. ಹೀಗೆ ಬರೆದ ಕೂಡಲೇ ನನಗೇ ಅನುಮಾನ. ಅದು 79 ಎಂದು ನನ್ನ ತಮ್ಮ ಈಗಲೂ ವಾದಿಸುತ್ತಾನೆ. ಇರಲಿ. ಈ ಘಟನೆಯನ್ನು ಎಷ್ಟೋ ಮಂದಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ಕೈಯಲ್ಲಾಡಿದ ಕಲ್ಲಿನಂತೆ ನುಣ್ಣಗಾಗಿಬಿಟ್ಟಿದೆ, ನುಣ್ಣಗಾದ ನೆನಪನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಆದ್ದರಿಂದ ಈ ಸಲ ಎಲ್ಲಿ ತೊಡರುತ್ತದೋ ಅಲ್ಲಿ ತೊಡರಿತು ಎಂದೇ ಬರೆಯುತ್ತೇನೆ.

ಆಗ ನಾನು ಪ್ರಾಣಿಶಾಸ್ತ್ರ ಓದಿ ಮುಗಿಸಿ ಬಳ್ಳಾರಿಯ ನಮ್ಮ ಮನೆಯಲ್ಲಿದ್ದೆ. ನಮ್ಮ ಪ್ರಾಧ್ಯಾಪಕರೊಬ್ಬರು ಒಂದು ಕೆಲಸ ಕೊಟ್ಟರು. ಕುರುಗೋಡಿನ ಹತ್ತಿರ, ಅರಣ್ಯ ಇಲಾಖೆ ಕಾಯ್ದಿಟ್ಟ ಒಂದು ಕಲ್ಲುಗುಡ್ಡ. ಅಲ್ಲಿ ಎರಡು ಬಗೆಯ ಸಣ್ಣ ಕಾಡುಬೆಕ್ಕುಗಳಿದ್ದವು. ಒಂದು ನಮ್ಮ ಮನೆಬೆಕ್ಕಿಗಿಂತ ಎತ್ತರದ್ದು, ಇನ್ನೊಂದು ಮನೆಬೆಕ್ಕಿಗಿಂತಲೂ ಚಿಕ್ಕದು, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು. ಇವಕ್ಕೆ ಹೊಟ್ಟೆ ತುಂಬುವಷ್ಟು ಬೇಟೆ ಗುಡ್ಡದಲ್ಲಿ ಇದೆಯೇ, ವರ್ಷದ ಯಾವ ಕಾಲದಲ್ಲಿ ಹೆಚ್ಚು, ಯಾವ ಕಾಲದಲ್ಲಿ ಕಡಿಮೆ ಎಂದು ನೋಡುತ್ತಿರಬೇಕು. ಬೇಟೆ ಎಂದರೆ ಇಲಿ, ಹಲ್ಲಿ, ಓತಿಕ್ಯಾತ, ಗೌಜಲಹಕ್ಕಿ. ಹೋಲಿಸಿ ನೋಡಲು ನಡುನಡುವೆ ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳಿಗೂ ಹೋಗುತ್ತಿದ್ದೆ. ಕಾಲುವೆ ನೀರು ಬಂದ ಮೇಲೆ ಅಲ್ಲಿ ಇಲಿಗಳಿಗೇನೂ ಬರವಿರಲಿಲ್ಲ.

ಕೆಲಸದ ರೀತಿ ಹೀಗೆ. ಸಂಜೆ ಗುರುತು ಮಾಡಿದ ಜಾಗದ ಇಲಿಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ ಬರುವುದು. ಬೆಳಿಗ್ಗೆ ಹೋಗಿ ಎಷ್ಟು ಬಿಲ ತೆರೆದಿವೆ ಎಂದು ನೋಡುವುದು. ತೆರೆದಿದ್ದರೆ ಒಳಗೆ ಜೀವ ಇದೆ ಎಂದರ್ಥ. ಬೆಕ್ಕು ಓಡಾಡುವ ದಾರಿಯಲ್ಲಿ ಜರಡಿ ಹಿಡಿದ ಮರಳನ್ನು ಹಾಸಿ ಹೆಜ್ಜೆ ಬಿದ್ದಿದೆಯೇ ಎಂದು ನೋಡುವುದು. ಕೊನೆಯದು, ಬಂಡೆಗಳ ಮೇಲೆ ಬೆಕ್ಕು ಹಾಕಿದ ಹಿಕ್ಕೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತರುವುದು. ಮನೆಗೆ ತಂದು ಒಣಗಿಸಿ, ತೊಳೆದು, ಜರಡಿಯಲ್ಲಿ ಉಳಿದ ಕೂದಲು, ಹಲ್ಲು, ಪುಕ್ಕ ನೋಡಿದರೆ ಬೆಕ್ಕು ಏನು ತಿಂದಿತ್ತು ಎಂದು ಗೊತ್ತಾಗುತ್ತದೆ.

ನಮ್ಮದು ಮಡಿಯ ಮನೆ. ಅಮ್ಮ ಮಾಳಿಗೆಗೆ ಬಂದು ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದಳು. "ಮಂದಿ ಮಾಳಿಗಿ ಮ್ಯಾಲೆ ಹಪ್ಪಳ ಒಣಗಸ್ತಾರ, ಸಂಡಿಗಿ ಒಣಗಸ್ತಾರ. ನನ್ನ ಮಗಳು ಬೆಕ್ಕಿನ ಹೇಲು ಒಣಗಸ್ತಾಳ. ನಾಳೆ ಹೆಣ್ಣು ನೋಡಾಕ ಬಂದೋರಿಗೆ ಏನಂತ ಹೇಳ್ಲೆ?"

"ಬೆಕ್ಕಿಗೆ ಊಟ ಸಾಲ್ತದೋ ಇಲ್ಲೋ ನೋಡ್ತಾಳ ಅಂತ ಹೇಳು."

"ಮನ್ಯಾಗ ಯಾರು ಉಂಡ್ರು, ಯಾರು ಬಿಟ್ರು ಅಂತ ಒಂದಿನ ಕೇಳೀಯೇನ ನೀನು?"

ಆಗ ನನಗೆ ಒಂದು ಕಡೆ ಕೂತರೆ ಆಗುತ್ತಿರಲಿಲ್ಲ. ಮನೆಯಲ್ಲಿದ್ದರೆ ಗುಡ್ಡದ ಚಿಂತೆ, ಗುಡ್ಡದಲ್ಲಿದ್ದರೆ ಬಸ್ಸಿನ ಚಿಂತೆ.

ಗುಡ್ಡದಲ್ಲಿ ನನ್ನ ಜೊತೆಗಿದ್ದವನು ಹುಸೇನಪ್ಪ, ಇಲಾಖೆಯ ವಾಚರ್. ನಡುವಯಸ್ಸು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮಾನ. ಬಿಲ ಮುಚ್ಚುವುದಕ್ಕೆ ಅವನ ತಕರಾರಿರಲಿಲ್ಲ, "ಇಲಿ ಮನಿ ಬಾಗಲಾ ಹಾಕಾಕ ಸರ್ಕಾರ ಪಗಾರ ಕೊಡ್ತತೇನ್ಲೇ" ಎಂದು ಊರವರು ರೇಗಿಸಿದರೂ ನಗುತ್ತಿದ್ದ. ಆದರೆ ಹಿಕ್ಕೆಯ ಪೊಟ್ಟಣ ಹೊರುವುದು ಅವನಿಗೆ ದೊಡ್ಡ ಅವಮಾನ. ಚಹಾದಂಗಡಿಯಲ್ಲಿ ಯಾರೋ "ಆ ಅಕ್ಕಾರು ಗುಡ್ಡದಾಗಿಂದ ಏನು ಒಯ್ತಾರೋ?" ಎಂದು ಕೇಳಿದ್ದಕ್ಕೆ, ಹೇಲು ಎಂದು ಹೇಳಲು ನಾಚಿ, "ಅದು ಭಾಳ ಕಿಮ್ಮತ್ತಿನ ಮಾಲಪ್ಪ, ಬೆಕ್ಕಿಂದು" ಎಂದುಬಿಟ್ಟಿದ್ದನಂತೆ. ಬೆಕ್ಕಿನಿಂದ ಬರುವ ಬೆಲೆಬಾಳುವ ವಸ್ತು ಎಂದರೆ ನಮ್ಮ ಕಡೆ ಯಾರಿಗಾದರೂ ಹೊಳೆಯುವುದು ಒಂದೇ, ಪುನುಗು. ದೇವರಿಗೆ ಹಚ್ಚುವ ಪರಿಮಳ. ಹಸುಗೂಸಿಗೆ ಬಾಲಗ್ರಹ ಬಡಿದರೂ ಅದನ್ನು ಹಣೆಗೆ ಹಚ್ಚುತ್ತಾರೆ. ಪುನುಗು ಕೊಡುವ ಪ್ರಾಣಿಯೇ ಬೇರೆ, ಅದು ಬೆಕ್ಕಿನ ಜಾತಿಯೂ ಅಲ್ಲ. ಅದು ಯಾರಿಗೆ ಬೇಕು? ಮಾತು ಊರೆಲ್ಲ ತಿರುಗಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಗುಡ್ಡ ಹತ್ತಿ ಅರ್ಧ ಬಿಲಗಳನ್ನು ನೋಡಿರಬೇಕು, ಕೆಳಗಿನಿಂದ ಒಬ್ಬ ಹೆಂಗಸು ಕೂಗುತ್ತ ಏರಿ ಬಂದಳು. ವಯಸ್ಸಾದವಳು. ಕಚ್ಚೆ ಹಾಕಿದ ಸೀರೆ, ಬರಿಗಾಲು. ಗುಡ್ಡದ ಬುಡದ ಹಟ್ಟಿಯ ಈರಮ್ಮ ಎಂದು ಹುಸೇನಪ್ಪ ಹೇಳಿದ. ಅವಳು ನೇರವಾಗಿ ನನ್ನ ಕಾಲು ಹಿಡಿಯಲು ಬಂದಳು. ನಾನು ಹಿಂದಕ್ಕೆ ಸರಿದೆ.

"ಯವ್ವಾ, ಒಂದು ಚಿಟಿಕಿ ಪುನುಗು ಕೊಡು. ಮೊಮ್ಮಗ ಕೈಬಿಟ್ಟು ಹೋಗಾಕತ್ತೈತಿ."

"ಪುನುಗೇ? ನನ್ನ ಹತ್ರ ಎಲ್ಲಿಂದ ಬರಬೇಕಮ್ಮ?"

ಅವಳು ನನ್ನ ಚೀಲ ನೋಡಿದಳು. ನಾನು ಹುಸೇನಪ್ಪನನ್ನು ನೋಡಿದೆ. ಹುಸೇನಪ್ಪ ಬಂಡೆ ನೋಡಿದ.

ನಾನು ಒಂದು ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದೆ. ಒಣಗಿದ ಹಿಕ್ಕೆ. ಕಡ್ಡಿಯಿಂದ ಬಿಡಿಸಿ, ಇಲಿಯ ಕೂದಲು, ಒಂದು ಕಿತ್ತಳೆ ಬಣ್ಣದ ಹಲ್ಲು ತೋರಿಸಿದೆ. "ಇದು ಹೇಲಮ್ಮ. ಬೆಕ್ಕು ಏನು ತಿಂತದ ಅಂತ ನೋಡಾಕ ಒಯ್ತೀನಿ. ಪುನುಗಲ್ಲ."

ಈರಮ್ಮ ಬಗ್ಗಿ ನೋಡಿದಳು. ಮೂಸಿಯೂ ನೋಡಿದಳು. ಆಮೇಲೆ ಹುಸೇನಪ್ಪನ ಕಡೆ ತಿರುಗಿ, "ನಿನ್ನ ಬಾಯಿಗೆ ಮಣ್ಣ ಹಾಕ್ಲಿ" ಎಂದು ಅಲ್ಲಿಯೇ ಕುಸಿದಳು.

ಏನಾಗಿದೆ ಎಂದು ಕೇಳಿದೆ. ಐದು ತಿಂಗಳ ಕೂಸು. ವಾಂತಿ ಭೇದಿ. ಮೊಲೆ ಹಿಡಿಯುತ್ತಿಲ್ಲ, ನೆತ್ತಿ ಕುಳಿಬಿದ್ದಿದೆ, ನಿನ್ನೆಯಿಂದ ಅಳುವುದನ್ನೂ ಬಿಟ್ಟಿದೆ. ಅಳುವುದನ್ನು ಬಿಟ್ಟಿದೆ ಎಂದಾಗ ನನಗೆ ಹೆದರಿಕೆಯಾಯಿತು. "ಈಗಲೇ ಬಳ್ಳಾರಿ ದವಾಖಾನಿಗೆ ಒಯ್ಯಿರಿ" ಎಂದೆ.

"ನಮ್ಮಾತ ಒಯ್ಯಗೊಡಂಗಿಲ್ಲ." ನಮ್ಮಾತ ಎಂದರೆ ಅವಳ ಗಂಡ ದೊಡ್ಡಬಸಪ್ಪ, ಮನೆಯ ಹಿರಿಯ. "ಮಗಳ ಕೂಸಿನ್ನ ಹಿಂಗ ಒಯ್ದಿದ್ವಿ, ಹೆಣ ತಂದ್ವಿ. ನನ್ನ ಮನಿ ಕೂಸು ಇನ್ನೊಮ್ಮೆ ದವಾಖಾನಿ ಮೆಟ್ಲ ಹತ್ತಂಗಿಲ್ಲ ಅಂತ ಊರ ದೇವರು ದೊಡ್ಡಬಸವಣ್ಣನ ಮ್ಯಾಲೆ ಆಣಿ ಮಾಡ್ಯಾನ. ಮಗ ಹತ್ತಿ ಗಾಡಿ ಹೊಡಕೊಂಡು ಆದವಾನಿಗೆ ಹೋಗ್ಯಾನ. ಇವತ್ತು ನಮ್ಮಾತ ಬರಿ ಎಳ್ಯಾವನ್ನ ಕರಸ್ಯಾನ."

ಬರೆ ಎಂದರೆ ಕಾಸಿದ ಬಳೆಯಿಂದ ಕೂಸಿನ ಹೊಟ್ಟೆಯ ಮೇಲೆ ಸುಡುವುದು. ಅದು ಆಗ ಅಲ್ಲಿ ಔಷಧವೇ ಆಗಿತ್ತು.

ನಾವು ಮೂವರೂ ಗುಡ್ಡ ಇಳಿದೆವು. ಓಡಿದೆವೋ ನಡೆದೆವೋ ನೆನಪಿಲ್ಲ. ಹೇಳುವಾಗಲೆಲ್ಲ ಓಡಿದೆವು ಎನ್ನುತ್ತೇನೆ. ಆ ಬಂಡೆಗಳ ನಡುವೆ ಓಡುವುದು ಸಾಧ್ಯವೇ ಇಲ್ಲ.

ಅಂಗಳದಲ್ಲಿ ಆಗಲೇ ಕೆಂಡ ಮಾಡಿದ್ದರು. ಬರೆ ಹಾಕುವವನು ಇನ್ನೂ ಬಂದಿರಲಿಲ್ಲ. ಸೊಸೆ, ನನಗಿಂತ ಚಿಕ್ಕವಳು, ಗೋಡೆಗೊರಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿನ ಕಣ್ಣು ಅರ್ಧ ತೆರೆದಿದ್ದವು. ದೊಡ್ಡಬಸಪ್ಪ ಕಟ್ಟೆಯ ಮೇಲಿದ್ದ. ತಲೆಗೆ ರುಮಾಲು, ಒಣಕಲು ದೇಹ, ಯಾರನ್ನೂ ನೇರವಾಗಿ ನೋಡದ ಕಣ್ಣು.

"ಯಾರಿವರು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಈರಮ್ಮ ಹೇಳಿದಳು. "ಪುನುಗಿನ ಅಕ್ಕಾರು. ಐತಂತ. ಬಳ್ಳಾರಿ ಮನ್ಯಾಗ ಐತಂತ."

ನಾನು ಬೆಚ್ಚಿಬಿದ್ದೆ. ಇಲಿಯ ಹಲ್ಲನ್ನು ಕಣ್ಣಾರೆ ನೋಡಿ ಬಂದವಳು.

"ಐತಿ ಅಂದ್ರ ಇವನ್ನ ಕಳಿಸು, ತರ್ಲಿ," ಎಂದು ಮುದುಕ ಹುಸೇನಪ್ಪನತ್ತ ಗದ್ದ ಚಾಚಿದ.

"ತಂದ್ರ ನಡ್ಯಂಗಿಲ್ಲಂತ," ಎಂದಳು ಈರಮ್ಮ. ಅವಳು ಆ ಕ್ಷಣದಲ್ಲೇ ಮಾತು ಹುಡುಕುತ್ತಿದ್ದಳು, ಅದು ಅವಳ ಧ್ವನಿಯಲ್ಲಿ ನನಗೆ ಕೇಳಿಸುತ್ತಿತ್ತು. "ಡಬ್ಬಿ ತೆಗದ್ರ ಗಾಳಿಗೆ ಗುಣಾ ಹಾರಿ ಹೋಗ್ತತಂತ. ಕೂಸಿನ್ನ ಅಲ್ಲೇ ಒಯ್ದು, ತೆಗದ ಕೂಡ್ಲೇ ಹಚ್ಚಬೇಕಂತ. ಹೌದಲ್ಲೇನ್ರೀ ಅಕ್ಕಾರ?"

ಎಲ್ಲರೂ ನನ್ನ ಕಡೆ ನೋಡಿದರು. ಸೊಸೆ ಕೂಡ. ದೊಡ್ಡಬಸಪ್ಪ ಮೊದಲ ಸಲ ನನ್ನ ಮುಖವನ್ನೇ ನೋಡಿ, "ಖರೇ ಏನವ್ವ?" ಎಂದ.

ಇಲ್ಲಿ ತೊಡರುತ್ತದೆ. ನಾನು "ಹೌದು" ಎಂದೆ ಎಂದು ತಮ್ಮನಿಗೆ ಹೇಳಿದ್ದೇನಂತೆ. ಅಮ್ಮನಿಗೆ, ನಾನು ಬಾಯಿಯನ್ನೇ ಬಿಡಲಿಲ್ಲ ಎಂದಿದ್ದೆ. ನನ್ನ ಕಣ್ಣ ಮುಂದೆ ಈಗ ಬರುವ ಚಿತ್ರದಲ್ಲಿ ನಾನು ತಲೆಯಾಡಿಸುತ್ತಿದ್ದೇನೆ, ಆದರೆ ಆ ಚಿತ್ರದಲ್ಲಿ ನನ್ನನ್ನೇ ನಾನು ಎದುರಿನಿಂದ ನೋಡುತ್ತಿದ್ದೇನೆ. ನನ್ನ ತಲೆ ಆಡಿದ್ದು ನನಗೆ ಎದುರಿನಿಂದ ಕಾಣುವುದು ಹೇಗೆ? ಹಾಗಾಗಿ ಅದೂ ಆಮೇಲೆ ಕಟ್ಟಿಕೊಂಡದ್ದೇ ಇರಬೇಕು. ಗೊತ್ತಿರುವುದು ಇಷ್ಟು: ಕೆಂಡದ ಮೇಲೆ ಬಳೆ ಕಾಯುತ್ತಿತ್ತು, ಮುದುಕ ಎದ್ದು ಮುಖ ಗೋಡೆಯ ಕಡೆ ತಿರುಗಿಸಿ, "ಲಗೂ ಹೋಗ್ರಿ ಮತ್ತ" ಎಂದ.

ಹುಸೇನಪ್ಪ ಹಟ್ಟಿಯಲ್ಲೇ ಉಳಿದ. ಸೊಸೆ, ಈರಮ್ಮ, ನಾನು ರಸ್ತೆಗೆ ಬಂದು ಬಸ್ಸಿಗಾಗಿ ನಿಂತ ಹೊತ್ತಿನಷ್ಟು ಉದ್ದದ ಹೊತ್ತನ್ನು ನಾನು ಬೇರೆ ಕಂಡಿಲ್ಲ. ಈರಮ್ಮ ರಸ್ತೆಯ ನಡುವೆಯೇ ನಿಂತಿದ್ದಳು. ಸಿರುಗುಪ್ಪದ ಕಡೆಯಿಂದ ಬಂದ ಬಸ್ಸು ಅವಳ ಮುಂದೆ ಕಿರುಗುಟ್ಟಿ ನಿಂತಿತು. ಡ್ರೈವರ್ ತಲೆ ಹೊರಹಾಕಿ ತೆಲುಗಿನಲ್ಲಿ ಏನೋ ಬೈದ. ಕಂಡಕ್ಟರ್ ಬಾಗಿಲಲ್ಲಿ ಕೂಸಿನ ಮುಖ ನೋಡಿದವನು ಟಿಕೆಟ್ ಕೇಳಲಿಲ್ಲ. "ಎಲ್ಲೂ ಬ್ರೇಕ್ ಹಾಕಬ್ಯಾಡಪ್ಪೋ, ಸೀದಾ ಬಿಡು," ಎಂದು ಕೂಗಿ ಗಂಟೆಯ ಹಗ್ಗ ಎಳೆದ. ಇಳಿಯಬೇಕಾದವರು ಗೊಣಗಿದರು. "ನನ್ನ ಮಗಳ ಮನಿ ಕೊಳಗಲ್ಲು, ಬಳ್ಳಾರ್ಯಾಗ ನನಗೇನು ಐತಿ?" ಎಂದು ಒಬ್ಬ ಮುದುಕ ಎದ್ದು ನಿಂತ. ಕಂಡಕ್ಟರ್, "ವಾಪಸ್ ಬರೋವಾಗ ನಿನ್ನ ಮಗಳ ಮನಿ ಬಾಗ್ಲಿಗೇ ಇಳಸ್ತೀನಿ, ಕುಂದ್ರಜ್ಜ" ಎಂದ. ಕೊಳಗಲ್ಲು ಕಿಟಕಿಯಲ್ಲಿ ಹಾಗೆಯೇ ಹಿಂದೆ ಸರಿಯಿತು. ಮುದುಕನೂ ಸುಮ್ಮನೆ ಕೂತು, ಸ್ವಲ್ಪ ಹೊತ್ತಿನ ಮೇಲೆ ತನ್ನ ಟವೆಲನ್ನು ಕೂಸಿಗೆ ಬಿಸಿಲು ತಾಗದಂತೆ ಕಿಟಕಿಗೆ ಅಡ್ಡ ಹಿಡಿದ.

ನಾನು ಈರಮ್ಮನ ಕಿವಿಯಲ್ಲಿ, "ಹಿಂಗ್ಯಾಕ ಹೇಳಿದ್ರಿ? ನಾಳೆ ಪುನುಗು ಎಲ್ಲಿ ಅಂದ್ರ?" ಎಂದೆ.

"ನಾಳೆ ಕೂಸು ಇದ್ರ ಆತ ಕೇಳ್ತಾನ. ಇಲ್ಲಾಂದ್ರ ಏನು ಕೇಳ್ತಾನ?" ಎಂದಳು. ಬಳ್ಳಾರಿಯವರೆಗೂ ಬೆರಳನ್ನು ಕೂಸಿನ ಮೂಗಿನ ಕೆಳಗೆ ಹಿಡಿದೇ ಇದ್ದಳು.

ದೊಡ್ಡ ದವಾಖಾನೆಯಲ್ಲಿ ಡಾಕ್ಟರಮ್ಮ ಒಬ್ಬರು ಕೂಸನ್ನು ಕಂಡದ್ದೇ ಕೈಯಿಂದ ಕಸಿದುಕೊಂಡು ಒಳಗೆ ಹೋದರು. ಸಣ್ಣ ಕೈಯಲ್ಲಿ ನರ ಸಿಗದೆ ತಲೆಯಲ್ಲಿ ಸೂಜಿ ಹಾಕಿ ಸಲೈನ್ ಹಚ್ಚಿದರು. "ಇನ್ನು ಸ್ವಲ್ಪ ತಡವಾಗಿದ್ರೆ ನನ್ನ ಹತ್ರ ತರೋ ಕೆಲಸ ಇರ್ತಿರಲಿಲ್ಲ" ಎಂದರು. ಸೊಸೆ ಆಗ ಮೊದಲ ಸಲ ಅತ್ತಳು. ನಾನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇದ್ದೆ. ಮುಚ್ಚಿ ಬಂದಿದ್ದ ಬಿಲಗಳಲ್ಲಿ ಅರ್ಧದಷ್ಟನ್ನು ನೋಡದೆ ಬಿಟ್ಟಿದ್ದೇನೆ, ಬಿಸಿಲೇರಿದರೆ ಗಾಳಿಗೆ ಮರಳಿನ ಮೇಲಿನ ಹೆಜ್ಜೆಗಳು ಅಳಿಸುತ್ತವೆ ಎಂಬ ಯೋಚನೆಯೂ ಬರುತ್ತಿತ್ತು. ಅಂಥ ಹೊತ್ತಿನಲ್ಲೂ ಬರುತ್ತಿತ್ತು. ಮನಸ್ಸು ಎಷ್ಟು ವಿಚಿತ್ರ ಎಂದು ಬರೆಯಬಹುದು, ಆದರೆ ಅದು ನನ್ನದೇ ಮನಸ್ಸು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ವಾರ್ಡಿನಲ್ಲಿ ಬೇರೆ ಕೂಸುಗಳೂ ಅಳುತ್ತಿದ್ದವು, ಆದರೂ ಈರಮ್ಮ, "ನಮ್ಮದು, ನಮ್ಮದು" ಎಂದು ಎದ್ದು ನಿಂತಳು. ನಾನು ಮನೆಯಿಂದ ಗಂಜಿ ಒಯ್ದಿದ್ದೆ. ಅಮ್ಮನೇ ಮಾಡಿ ಕೊಟ್ಟಿದ್ದಳು. ಅದೇ ಹೊತ್ತಿಗೆ ಬಾಗಿಲಲ್ಲಿ ರುಮಾಲು ಕಾಣಿಸಿತು.

ದೊಡ್ಡಬಸಪ್ಪ ಹೊಸ್ತಿಲ ಹೊರಗೇ ನಿಂತಿದ್ದ. ಹುಸೇನಪ್ಪ ಕರೆತಂದಿದ್ದ. ಮೆಟ್ಟಿಲು ಹತ್ತಿಸುವುದೇ ಕಷ್ಟವಾಯಿತಂತೆ. ಒಳಗೆ ಬಂದವನು ಸಲೈನ್ ಬಾಟಲಿ ನೋಡಿದ, ಕೊಳವೆ ನೋಡಿದ, ಕೂಸಿನ ತಲೆಯ ಪಟ್ಟಿ ನೋಡಿದ.

"ಹಚ್ಚಿದ್ರೇನು?" ಎಂದ.

"ಹಚ್ಚಿದ್ರು," ಎಂದಳು ಈರಮ್ಮ, ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು.

ಮುದುಕ ಬಗ್ಗಿ ಕೂಸಿನ ಹಣೆಯನ್ನು ಮೂಸಿದ. ಅಲ್ಲಿ ಸ್ಪಿರಿಟ್ಟಿನ ವಾಸನೆ ಬಿಟ್ಟು ಇನ್ನೇನೂ ಇರಲು ಸಾಧ್ಯವಿರಲಿಲ್ಲ. ಅವನು ನಿಧಾನವಾಗಿ ನೆಟ್ಟಗಾಗಿ, "ಆತು" ಎಂದ. ಅಷ್ಟೇ. ಹೊರಗೆ ಹೋಗಿ ಕಂಬಕ್ಕೊರಗಿ ಬೀಡಿ ಹಚ್ಚಿದ.

ಕೂಸು ಮನೆಗೆ ಹೋಯಿತು. ಹೇಳುವಾಗ ನಾನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇನೆ. ಕೇಳುವವರಿಗೂ ಇಲ್ಲಿ ಸಮಾಧಾನ. ಆದರೆ ಅಲ್ಲಿಗೆ ನಿಲ್ಲಲಿಲ್ಲ.

ಪುನುಗು ಹಚ್ಚಿ ಕೂಸು ಬದುಕಿತು ಎಂಬ ಸುದ್ದಿ ಸುತ್ತ ಹರಡಿತು. ಜನ ಡಬ್ಬಿ ಹಿಡಿದು ಬರತೊಡಗಿದರು. ಸಿರಿಗೇರಿಯಿಂದಲೂ ಒಬ್ಬಳು ಬಂದಿದ್ದಳು. ನಾನು ಪೊಟ್ಟಣ ಬಿಚ್ಚಿ ತೋರಿಸಿ, ಹೇಲು ಎಂದರೆ ನಕ್ಕು, "ಎಲ್ಲಾರಿಗೂ ಹಂಗ ಹೇಳಬೇಕು ಬಿಡ್ರಿ, ಗೊತ್ತೈತಿ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಮರಳು ಹಾಸಿದ ದಾರಿಯಲ್ಲಿ ಬೆಕ್ಕಿನ ಹೆಜ್ಜೆಯ ಪಕ್ಕ ಮನುಷ್ಯರ ಹೆಜ್ಜೆ ಕಂಡೆ. ಮುಂದೆ ಎರಡು ಬಂಡೆಗಳ ಸಂದಿಯಲ್ಲಿ ತಂತಿಯ ಉರುಲು. ಖಾಲಿ. ತಂತಿಗೆ ಅಂಟಿದ್ದ ನಾಲ್ಕು ಕೂದಲು ಮಾತ್ರ. ತುಕ್ಕಿನ ಬಣ್ಣದವು.

ಆ ದಿನವೇ ಹಟ್ಟಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡೆ. ನಿಜ ಹೇಳಿದರೆ ಈರಮ್ಮ ಗಂಡನೆದುರು ಸುಳ್ಳುಗಾತಿಯಾಗುತ್ತಾಳೆ, ಅವನ ಆಣೆ ಮುರಿಸಿದವಳಾಗುತ್ತಾಳೆ. ಹೇಳದಿದ್ದರೆ ಗುಡ್ಡದಲ್ಲಿ ಬೆಕ್ಕು ಉಳಿಯುವುದಿಲ್ಲ. ದೊಡ್ಡಬಸಪ್ಪ ಚಪ್ಪರದ ಕೆಳಗೆ ಒಬ್ಬನೇ ಹಗ್ಗ ಹೊಸೆಯುತ್ತ ಕೂತಿದ್ದ.

"ಅಜ್ಜಾರ, ಆ ಪುನುಗಿನ ವಿಷಯ..." ಎಂದೆ.

"ಸಣ್ಣಾವಿದ್ದಾಗ ಗುಡಿ ಅಯ್ಯನೋರ ಕೈಯಾಗ ಪುನುಗು ಮೂಸಿ ನೋಡೀನಿ," ಎಂದ, ತಲೆ ಎತ್ತದೆ. "ನನ್ನ ಕಣ್ಣು ಮಂಜಾಗ್ಯಾವ, ಮೂಗು ಮಂಜಾಗಿಲ್ಲ."

"ಹಂಗಾದ್ರ ದವಾಖಾನ್ಯಾಗ..."

"ದವಾಖಾನ್ಯಾಗ ಯಾಕ? ನೀನು ನಮ್ಮ ಅಂಗಳದಾಗ ನಿಂತಾಗ್ಲೇ ಗೊತ್ತಾತು. ಅದರ ಜೋಡಿ ಬದುಕೋರ ಮೈಯೆಲ್ಲಾ ಘಮ್ಮಂತಿರ್ತತಿ. ನಿನ್ನ ಮೈಯಾಗ ಬರೇ ಬೆವರು." ಹಗ್ಗವನ್ನು ತೊಡೆಯ ಮೇಲೆ ಉಜ್ಜಿ ಎಳೆದ. "ನಾನು ಆಣಿ ಮಾಡಿದಾವ. ನನ್ನ ಬಾಯಿಂದ ದವಾಖಾನಿಗೆ ಹೋಗ್ರಿ ಅನ್ನಾಕ ಬರಂಗಿಲ್ಲ. ಆಕಿ ಏನೋ ಅಂದ್ಲು, ನಾನು ಹೂಂ ಅಂದೆ."

ನಾನು ಉರುಲಿನ ತಂತಿಯನ್ನು ಅವನ ಮುಂದಿಟ್ಟೆ. ಮುಟ್ಟಿ ನೋಡಿ, ಪಕ್ಕಕ್ಕೆ ಸರಿಸಿದ.

ಸಂಜೆ ಚಹಾದಂಗಡಿಯಲ್ಲಿ ನಡೆದದ್ದನ್ನು ಹುಸೇನಪ್ಪ ಹೇಳಿದ. ಅವನ ಮಾತಿಗೆ ಸ್ವಲ್ಪ ಬಣ್ಣ ಇದ್ದೇ ಇರುತ್ತದೆ. ಮುದುಕ ಎಲ್ಲರ ನಡುವೆ ನಿಂತು, "ಪುನುಗೂ ಇಲ್ಲ, ಗಿನುಗೂ ಇಲ್ಲ. ಆ ಅಕ್ಕ ಒಯ್ಯೋದು ಬೆಕ್ಕಿನ ಹೇಲು. ಇವನ್ನ ಕೇಳ್ರಿ, ಹೊರೋನು ಇವನ. ನನ್ನ ಮೊಮ್ಮಗ ದವಾಖಾನ್ಯಾಗ ಉಳದೈತಿ. ನಾನೇ ಕಳಿಸಿದ್ದೆ" ಎಂದನಂತೆ. ತನ್ನ ಆಣೆ ಮುರಿದದ್ದನ್ನು ತಾನೇ ಊರ ಮುಂದೆ ಹೇಳಿಕೊಂಡ. ಜನ ನಕ್ಕದ್ದು ಅವನಿಗಲ್ಲ, ಹುಸೇನಪ್ಪನಿಗೆ. ಆಮೇಲೆ ಬಹಳ ದಿನ ಅವನನ್ನು ಕಂಡವರೆಲ್ಲ, "ಏನಪ್ಪ, ಮಾಲು ಬಂತೇನು?" ಎನ್ನುತ್ತಿದ್ದರು.

ಈರಮ್ಮನಿಗೆ ಇದನ್ನು ನಾನೇ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅಂಗಳದಾಗ್ಲೇ ಗೊತ್ತಿತ್ತಂತೇನು?" ಎಂದಳು. "ಗೊತ್ತಿತ್ತಂದ್ರ ಬಳಿ ಯಾಕ ಕೆಂಡದ ಮ್ಯಾಲೇ ಬಿಟ್ಟಿದ್ದ? ಈಗ ಗೊತ್ತಾಗೈತಿ ಅವಗ. ಇರ್ಲಿ ಬಿಡು, ಹಂಗ ಅನಕೊಳ್ಳಿ. ಕಳಿಸಿದ್ನಂತ! ಬಸ್ ಸ್ಟಾಪಿಗೆ ಸೈತ ಬಂದಿಲ್ಲ."

ಇಬ್ಬರಲ್ಲಿ ಯಾರ ಮಾತು ಸರಿ ಎಂದು ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಮುದುಕನೂ ತನ್ನ ನೆನಪನ್ನು ತಾನು ಬದುಕಬಹುದಾದ ಜಾಗದಲ್ಲಿ ಇಟ್ಟುಕೊಂಡಿರಬಹುದು. ಹಾಗಿದ್ದರೆ ಅವನನ್ನು ಬೈಯುವ ಹಕ್ಕು ನನಗಿಲ್ಲ.

ಆ ಮಾತಿನಿಂದ ಉರುಲುಗಳು ನಿಂತವು ಎಂದು ಬರೆದರೆ ಚೆನ್ನಾಗಿರುತ್ತದೆ. ಕಡಿಮೆಯಾದವು, ನಿಲ್ಲಲಿಲ್ಲ. ಮಳೆಗಾಲದ ಮೇಲೆ ಒಂದು ಸಿಕ್ಕಿತು, ಅದು ಮೊಲಕ್ಕೆ ಹಾಕಿದ್ದು ಎಂದರು. ಕೂಸನ್ನು ಆಮೇಲೂ ಎಷ್ಟೋ ಸಲ ಎತ್ತಿಕೊಂಡಿದ್ದೇನೆ. ಅಂಬೆಗಾಲಿಟ್ಟು ನನ್ನ ಚೀಲಕ್ಕೇ ಕೈ ಹಾಕುತ್ತಿತ್ತು, ಸೊಸೆ ಚೀರಿ ಓಡಿಬರುತ್ತಿದ್ದಳು. ಮುಂದಿನ ತಿಂಗಳುಗಳಲ್ಲಿ ಗುಡ್ಡದ ಬಿಲಗಳು ಚೆನ್ನಾಗಿಯೇ ತೆರೆದವು. ಬೆಕ್ಕುಗಳಿಗೆ ಊಟಕ್ಕೆ ಕಡಿಮೆಯಿರಲಿಲ್ಲ. ಆದರೆ ಆ ಬಂಡೆಗಳ ಸಂದಿಯ ಮುಂದೆ ಎಷ್ಟೇ ನುಣುಪಾಗಿ ಮರಳು ಹಾಸಿದರೂ ಚಿಕ್ಕ ಬೆಕ್ಕಿನ ಹೆಜ್ಜೆ ನಾನಿರುವವರೆಗೆ ಮತ್ತೆ ಬೀಳಲಿಲ್ಲ. ದಾರಿ ಬದಲಿಸಿತೋ, ಬದಲಿಸಲು ಉಳಿದಿತ್ತೋ ಇಲ್ಲವೋ. ಯಾವುದಾದರೂ ಮನೆಯಲ್ಲಿ ಹಸುಗೂಸು ಜೋರಾಗಿ ಅಳುವುದು ಕೇಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಅದರ ಬೆನ್ನಿಗೇ, ನೋಡದೆ ಬಿಟ್ಟು ಬಂದದ್ದು ಏನೋ ಇದೆ ಎನ್ನಿಸಿ, ಕೂತಲ್ಲಿಂದ ಏಳುತ್ತೇನೆ.